ಟಮಾಕ್ಸಿಫೆನ್ನೋ ಲೆಟ್ರೊಜೋಲೋ? ಐದು ವರ್ಷದ ಮಾತ್ರೆ ಆರಿಸುವ ಮುಂಚೆ

ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ, ಕೀಮೋ ಮುಗಿದು, ರೇಡಿಯೇಷನ್ನೂ ಆದ ಮೇಲೆ ಡಾಕ್ಟರು ಒಂದು ಚಿಕ್ಕ ಮಾತ್ರೆ ಬರೆದುಕೊಟ್ಟರು. ದಿನಕ್ಕೊಂದು, ಐದು ವರ್ಷ. ಹೆಸರು ಲೆಟ್ರೊಜೋಲ್. ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ಇನ್ನೊಬ್ಬ ಹೆಂಗಸಿಗೂ ಅದೇ ಕಾಯಿಲೆ, ಅದೇ ಹಂತ. ಆದರೆ ಅವರ ಚೀಟಿಯಲ್ಲಿ ಟಮಾಕ್ಸಿಫೆನ್ ಎಂದಿತ್ತು. ದೊಡ್ಡಮ್ಮ ಮನೆಗೆ ಬಂದು ಕೇಳಿದ ಮೊದಲ ಮಾತು: "ಅವಳಿಗೆ ಅದು, ನನಗ್ಯಾಕೆ ಇದು? ನನ್ನದು ಜಾಸ್ತಿ ಕೆಟ್ಟಿದೆಯಾ ಪುಟ್ಟಿ?"

ಕೆಟ್ಟಿರಲಿಲ್ಲ. ಅವರಿಗೆ 61 ವರ್ಷ, ಆ ಹೆಂಗಸಿಗೆ 43. ವ್ಯತ್ಯಾಸ ಅಷ್ಟೇ. ಆದರೆ ಆ "ಅಷ್ಟೇ" ಯಾಕೆ ಮುಖ್ಯ ಅಂತ ಹೇಳಲು ನನಗೆ ಒಂದು ಸಂಜೆ ಪೂರ್ತಿ ಬೇಕಾಯಿತು. ನಾನು ಡಾಕ್ಟರಲ್ಲ, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು. ನಿಮ್ಮ ಡಾಕ್ಟರ ಎದುರು ಕೂತಾಗ ಏನು ಕೇಳಬೇಕು ಎಂದು ಗೊತ್ತಿರಲಿ ಅಂತ ಆ ಸಂಜೆಯ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರಿಪೋರ್ಟಿನಲ್ಲಿ ಒಂದು ಸಾಲು ಹುಡುಕಿ

ಗಡ್ಡೆಯ ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್ ಮತ್ತು ಪಿಆರ್ ಎಂದು ಬರೆದಿರುತ್ತದೆ. ಈಸ್ಟ್ರೋಜನ್ ರಿಸೆಪ್ಟರ್, ಪ್ರೊಜೆಸ್ಟರಾನ್ ರಿಸೆಪ್ಟರ್. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ಹೆಣ್ಣಿನ ಹಾರ್ಮೋನುಗಳು, ಅವನ್ನು ಹಿಡಿದುಕೊಳ್ಳುವ ಪ್ರೋಟೀನೇ ರಿಸೆಪ್ಟರ್. ಪಕ್ಕದಲ್ಲಿ ಶೇಕಡಾ ಲೆಕ್ಕವೋ, 8ಕ್ಕೆ ಇಷ್ಟು ಎಂಬ ಆಲ್‌ರೆಡ್ ಅಂಕವೋ ಇರುತ್ತದೆ. ನೂರಕ್ಕೆ ಒಂದು ಜೀವಕೋಶ ಬಣ್ಣ ಹಿಡಿದರೂ ಪಾಸಿಟಿವ್ ಎನ್ನುತ್ತಾರೆ. 1ರಿಂದ 10ರ ನಡುವೆ ಇದ್ದರೆ "ಲೋ ಪಾಸಿಟಿವ್", ಅಂಥವರಿಗೆ ಮಾತ್ರೆಯಿಂದ ಎಷ್ಟು ಲಾಭ ಎಂದು ಡಾಕ್ಟರ ಹತ್ತಿರ ಬಿಡಿಸಿ ಕೇಳಬೇಕು. ಎರಡೂ ನೆಗೆಟಿವ್ ಆಗಿದ್ದರೆ ಈ ಬರಹದ ಯಾವ ಮಾತ್ರೆಯೂ ಕೆಲಸಕ್ಕೆ ಬರುವುದಿಲ್ಲ. ದಾರಿಯೇ ಬೇರೆ.

ಈ ರಿಸೆಪ್ಟರ್‌ಗಳು "ನ್ಯೂಕ್ಲಿಯರ್ ರಿಸೆಪ್ಟರ್" ಎಂಬ ಕುಟುಂಬಕ್ಕೆ ಸೇರಿದವು. ನ್ಯೂಕ್ಲಿಯರ್ ಅಂದ ತಕ್ಷಣ ಕೈಗಾ ನೆನಪಾದರೆ ತಪ್ಪಿಲ್ಲ, ದೊಡ್ಡಮ್ಮನೂ "ಮತ್ತೆ ರೇಡಿಯೇಷನ್ನಾ?" ಎಂದು ಬೆಚ್ಚಿದ್ದರು. ಇಲ್ಲಿ ಆ ಅರ್ಥವಲ್ಲ. ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ, ಅಂದರೆ ಡಿಎನ್‌ಎ ಇರುವ ಜಾಗದಲ್ಲಿ ಕೆಲಸ ಮಾಡುವ ಪ್ರೋಟೀನು ಎಂದಷ್ಟೇ. ಮನುಷ್ಯರಲ್ಲಿ ಇಂಥವು 48 ಇವೆ. ಹಾರ್ಮೋನು ಜೀವಕೋಶದೊಳಗೆ ನುಸುಳಿ ಬಂದು ರಿಸೆಪ್ಟರನ್ನು ಹಿಡಿದುಕೊಳ್ಳುತ್ತದೆ. ಆಗ ಎರಡು ರಿಸೆಪ್ಟರ್‌ಗಳು ಜೋಡಿಯಾಗಿ ಡಿಎನ್‌ಎ ಮೇಲೆ ಕೂರುತ್ತವೆ, ಸಹಾಯಕ ಪ್ರೋಟೀನುಗಳನ್ನು ಕರೆದುಕೊಳ್ಳುತ್ತವೆ, ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಬೆಳೆ, ಇಬ್ಭಾಗವಾಗು ಎಂಬ ಆಜ್ಞೆ ಹೀಗೆ ಹೋಗುತ್ತದೆ. ಈಸ್ಟ್ರೋಜನ್ ರಿಸೆಪ್ಟರ್ ಚಾಲೂ ಮಾಡುವ ಜೀನ್‌ಗಳಲ್ಲಿ ಪಿಆರ್‌ನದ್ದೂ ಒಂದು. ಪಿಆರ್ ಕೂಡ ಪಾಸಿಟಿವ್ ಇದ್ದರೆ, ಆ ಗಡ್ಡೆಯಲ್ಲಿ ಇಆರ್ ಸುಮ್ನೆ ಕೂತಿಲ್ಲ, ನಿಜವಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು.

ದೊಡ್ಡಮ್ಮ ಮಂಡ್ಯ ಕಡೆಯವರು. ಅವರಿಗೆ ಗದ್ದೆಯ ಲೆಕ್ಕದಲ್ಲೇ ಹೇಳಿದೆ. ಗದ್ದೆಯಲ್ಲಿ ಕಳೆ ಎದ್ದಿದೆ, ಆ ಕಳೆ ಬದುಕಿರುವುದು ನೀರಿನಿಂದ. ನೀರು ಅಂದರೆ ಈಸ್ಟ್ರೋಜನ್. ಗದ್ದೆಗೆ ನೀರು ನುಗ್ಗುವ ಮಡೆ ಅಂದರೆ ರಿಸೆಪ್ಟರ್. ಈಗ ಎರಡು ದಾರಿ. ಮಡೆಗೆ ಮಣ್ಣು ಮೆತ್ತಿ ಮುಚ್ಚಬಹುದು, ಅದು ಟಮಾಕ್ಸಿಫೆನ್. ಇಲ್ಲವೇ ನೀರು ಬರುವ ಮೂಲವನ್ನೇ ನಿಲ್ಲಿಸಬಹುದು, ಅದು ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸಿಮೆಸ್ಟೇನ್ ಎಂಬ ಮೂರು ಮಾತ್ರೆಗಳ ಗುಂಪು. ಇವು ಅರೋಮಟೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಈಸ್ಟ್ರೋಜನ್ ತಯಾರಿಸುವುದೇ ಆ ಕಿಣ್ವ.

ನಿಮ್ಮ ನೀರಿನ ಮೂಲ ಯಾವುದು?

ಎಲ್ಲಕ್ಕಿಂತ ಮೊದಲು ಬರಬೇಕಾದ ಪ್ರಶ್ನೆ ಇದು. ಯಾವ ಮಾತ್ರೆ ಒಳ್ಳೆಯದು ಎಂಬ ಚರ್ಚೆ ಆಮೇಲೆ.

ಮುಟ್ಟು ನಿಲ್ಲುವ ಮುಂಚೆ ಈಸ್ಟ್ರೋಜನ್ ಬರುವುದು ಮುಖ್ಯವಾಗಿ ಅಂಡಾಶಯದಿಂದ. ಅದು ದೊಡ್ಡ ಕೆರೆ. ಮುಟ್ಟು ನಿಂತ ಮೇಲೆ ಕೆರೆ ಬತ್ತುತ್ತದೆ, ಆದರೂ ಕೊಬ್ಬು, ಸ್ನಾಯು ಇಲ್ಲೆಲ್ಲ ಅರೋಮಟೇಸ್ ಸ್ವಲ್ಪ ಸ್ವಲ್ಪ ಈಸ್ಟ್ರೋಜನ್ ಮಾಡುತ್ತಲೇ ಇರುತ್ತದೆ. ಅದು ಸಣ್ಣ ಬೋರ್‌ವೆಲ್ ಇದ್ದಂತೆ. ಲೆಟ್ರೊಜೋಲ್ ಬೋರ್‌ವೆಲ್ಲಿನ ಮೋಟಾರು ಆರಿಸಬಲ್ಲದು. ಕೆರೆಯ ತೂಬು ಮುಚ್ಚುವ ಶಕ್ತಿ ಅದಕ್ಕಿಲ್ಲ. ಅಷ್ಟೇ ಅಲ್ಲ, ಕೆಲಸ ಮಾಡುವ ಅಂಡಾಶಯ ಇರುವವರು ಬರೀ ಲೆಟ್ರೊಜೋಲ್ ತಿಂದರೆ ಕಥೆ ಉಲ್ಟಾ ಆಗಬಹುದು. ಈಸ್ಟ್ರೋಜನ್ ಕಡಿಮೆಯಾಯಿತು ಎಂದು ಮೆದುಳಿಗೆ ಗೊತ್ತಾಗುತ್ತದೆ, ಅದು ಅಂಡಾಶಯಕ್ಕೆ ಇನ್ನೂ ಜೋರಾಗಿ ಕೆಲಸ ಮಾಡು ಎಂದು ಹೇಳಿ ಕಳಿಸುತ್ತದೆ. ಮಕ್ಕಳಾಗದವರಿಗೆ ಅಂಡೋತ್ಪತ್ತಿ ಮಾಡಿಸಲು ಇದೇ ಲೆಟ್ರೊಜೋಲನ್ನು ಐದು ದಿನ ಕೊಡುವುದು ಇದೇ ಕಾರಣಕ್ಕೆ. ಆದ್ದರಿಂದ ಮುಟ್ಟು ನಿಲ್ಲದವರಿಗೆ ಈ ಗುಂಪಿನ ಮಾತ್ರೆಯನ್ನು ಒಂಟಿಯಾಗಿ ಕೊಡುವ ಹಾಗಿಲ್ಲ.

ಇಲ್ಲಿ ನಮ್ಮ ಕಡೆ ಒಂದು ತೊಡಕು ಇದೆ, ಇದನ್ನು ಒತ್ತಿ ಹೇಳಬೇಕು. ಬಿಳಿ ಸೆರಗು, ಜಾಸ್ತಿ ರಕ್ತಸ್ರಾವ ಎಂದು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ. "ನಿಮಗೆ ಮುಟ್ಟು ನಿಂತಿದೆಯಾ?" ಎಂದು ಕೇಳಿದರೆ ಅವರು ಹೌದು ಎನ್ನುತ್ತಾರೆ. ಸುಳ್ಳೇನಲ್ಲ. ಆದರೆ ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಬಿಟ್ಟಿದ್ದರೆ ಕೆರೆ ತುಂಬಿಯೇ ಇದೆ, ಕೋಡಿ ಮಾತ್ರ ಕಾಣುತ್ತಿಲ್ಲ. 40 ವರ್ಷದ ಅಂಥ ಹೆಂಗಸಿಗೆ ಲೆಟ್ರೊಜೋಲ್ ಬರೆದರೆ ಅದು ತಪ್ಪು ಮಾತ್ರೆ. ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಹುಡುಕಿ ತೆಗೆಯಿರಿ. ಅದರಲ್ಲಿ ಅಂಡಾಶಯದ ವಿಷಯ ಇರುತ್ತದೆ. ಚೀಟಿ ಇಲ್ಲದಿದ್ದರೆ ಸ್ಕ್ಯಾನ್ ಮತ್ತು ರಕ್ತದಲ್ಲಿ ಎಫ್‌ಎಸ್‌ಎಚ್, ಈಸ್ಟ್ರಡಯಾಲ್ ಎಂಬ ಹಾರ್ಮೋನುಗಳ ಪರೀಕ್ಷೆ ಮಾಡಿಸಬಹುದು.

ಕೀಮೋದಿಂದ ಮುಟ್ಟು ನಿಂತವರದ್ದೂ ಹೀಗೆಯೇ. ಅದು ಎಷ್ಟೋ ಸಲ ತಾತ್ಕಾಲಿಕ. ತಿಂಗಳುಗಟ್ಟಲೆ ನಿಂತು ಮತ್ತೆ ಶುರುವಾಗಬಹುದು. 45ರ ಆಸುಪಾಸಿನವರಿಗೆ ಕೀಮೋ ಮುಗಿದ ತಕ್ಷಣ "ಮೆನೋಪಾಸ್ ಆಯ್ತು" ಎಂದು ತೀರ್ಮಾನಿಸುವುದು ಆತುರ.

ಮುಟ್ಟು ನಿಜವಾಗಿ ನಿಂತವರಿಗೆ

ಇಲ್ಲಿ ಅಂಕಿಗಳು ಸಾಕಷ್ಟು ಸ್ಪಷ್ಟ. ಆಕ್ಸ್‌ಫರ್ಡ್‌ನಿಂದ ನಡೆಯುವ ಸ್ತನ ಕ್ಯಾನ್ಸರ್ ಅಧ್ಯಯನಕಾರರ ಒಕ್ಕೂಟ 2015ರಲ್ಲಿ ಸುಮಾರು 32,000 ಹೆಂಗಸರ ಲೆಕ್ಕ ಒಟ್ಟು ಹಾಕಿತು. ಐದು ವರ್ಷ ಟಮಾಕ್ಸಿಫೆನ್ ತಿಂದವರಲ್ಲಿ ಹತ್ತು ವರ್ಷದೊಳಗೆ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡವರು ನೂರಕ್ಕೆ 14.2. ಅರೋಮಟೇಸ್ ತಡೆಯುವ ಮಾತ್ರೆ ತಿಂದವರಲ್ಲಿ 12.1. ನೂರು ಮಂದಿಯಲ್ಲಿ ಇಬ್ಬರ ವ್ಯತ್ಯಾಸ.

ಇಬ್ಬರು ಅಂದರೆ ಕಡಿಮೆಯೇನಲ್ಲ. ಆದರೆ ಟಮಾಕ್ಸಿಫೆನ್ ಕೆಲಸಕ್ಕೆ ಬಾರದ ಹಳೇ ಮಾತ್ರೆ ಎಂದೂ ಇದರರ್ಥವಲ್ಲ. ಏನೂ ತಿನ್ನದವರಿಗೆ ಹೋಲಿಸಿದರೆ ಐದು ವರ್ಷದ ಟಮಾಕ್ಸಿಫೆನ್ ಹದಿನೈದು ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ಸಾವನ್ನು ಸುಮಾರು ಮೂರನೇ ಒಂದು ಭಾಗ ಇಳಿಸುತ್ತದೆ. ದೊಡ್ಡ ಜಿಗಿತ ಇರುವುದು ಮಾತ್ರೆ ಇಲ್ಲದ್ದಕ್ಕೂ ಇರುವುದಕ್ಕೂ ನಡುವೆ. ಒಂದು ಮಾತ್ರೆಗೂ ಇನ್ನೊಂದಕ್ಕೂ ನಡುವಿನದು ಅದಕ್ಕಿಂತ ಚಿಕ್ಕದು. ಲೆಟ್ರೊಜೋಲ್ ಒಗ್ಗದೆ ಟಮಾಕ್ಸಿಫೆನ್‌ಗೆ ಬದಲಾದವರು ಸೋತೆವು ಎಂದು ಕೊರಗುವುದನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಹೇಳಿದೆ.

ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸಿಮೆಸ್ಟೇನ್ ಈ ಮೂರರಲ್ಲಿ ಯಾವುದು? ತಲೆಕೆಡಿಸಿಕೊಳ್ಳಬೇಡಿ. ಅವನ್ನು ನೇರವಾಗಿ ಹೋಲಿಸಿದ ದೊಡ್ಡ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ನಿಮ್ಮೂರಲ್ಲಿ ತಪ್ಪದೆ ಸಿಗುವುದು, ನಿಮ್ಮ ಮೈಗೆ ಒಗ್ಗುವುದು ಒಳ್ಳೆಯದು.

ಎರಡನ್ನೂ ಒಟ್ಟಿಗೆ ತಿಂದರೆ ಡಬಲ್ ಲಾಭ ಅಲ್ವಾ ಎಂದು ದೊಡ್ಡಮ್ಮನ ಮಗ ಕೇಳಿದ. ಒಳ್ಳೆಯ ಪ್ರಶ್ನೆ, ಅದನ್ನೂ ಮಾಡಿ ನೋಡಿದ್ದಾರೆ. ಅಟ್ಯಾಕ್ ಎಂಬ ಪ್ರಯೋಗದಲ್ಲಿ ಅನಾಸ್ಟ್ರೊಜೋಲ್, ಟಮಾಕ್ಸಿಫೆನ್ ಎರಡನ್ನೂ ಕೂಡಿಸಿ ಕೊಟ್ಟ ಗುಂಪಿಗೆ ಟಮಾಕ್ಸಿಫೆನ್ ಒಂದಕ್ಕಿಂತ ಹೆಚ್ಚಿನ ಲಾಭ ಆಗಲಿಲ್ಲ. ಟಮಾಕ್ಸಿಫೆನ್ ಈಸ್ಟ್ರೋಜನ್‌ಗೆ ಪೂರ್ತಿ ಶತ್ರುವಲ್ಲ, ಅರ್ಧ ನೆಂಟ ಎಂಬುದು ಇದಕ್ಕೆ ಕೊಡುವ ಕಾರಣ. ಈ ಗುಣವೇ ಅದರ ಅಡ್ಡಪರಿಣಾಮಗಳ ಮೂಲ.

ಎಲ್ಲಿ ನೋಯಿಸುತ್ತದೆ, ಎಲ್ಲಿ ಕಾಪಾಡುತ್ತದೆ

ಟಮಾಕ್ಸಿಫೆನ್ ಬಂದು ಕೂತಾಗ ರಿಸೆಪ್ಟರ್ ಪ್ರೋಟೀನಿನ ಒಂದು ಸುರುಳಿ ಜಾಗ ತಪ್ಪುತ್ತದೆ. ಸಹಾಯಕ ಪ್ರೋಟೀನು ಬಂದು ಕೂರಬೇಕಾದ ಸಂದಿಗೆ ಅದೇ ಸುರುಳಿ ಅಡ್ಡ ಬರುತ್ತದೆ. ಸ್ತನದಲ್ಲಿ ಹೀಗೆ ಕೆಲಸ ನಿಲ್ಲುತ್ತದೆ. ಆದರೆ ಪ್ರತಿ ಅಂಗದಲ್ಲೂ ಸಹಾಯಕ ಪ್ರೋಟೀನುಗಳು ಒಂದೇ ಥರ ಇರುವುದಿಲ್ಲ. ಗರ್ಭಕೋಶದ ಒಳಪದರದಲ್ಲಿ, ಮೂಳೆಯಲ್ಲಿ ಇದೇ ಟಮಾಕ್ಸಿಫೆನ್ ಈಸ್ಟ್ರೋಜನ್ ಥರವೇ ವರ್ತಿಸುತ್ತದೆ. ಮುಟ್ಟು ನಿಂತವರ ಮೂಳೆಗೆ ಅದು ಒಳ್ಳೆಯದು. ಗರ್ಭಕೋಶಕ್ಕೆ ಅಲ್ಲ.

2015ರ ಅದೇ ಲೆಕ್ಕದಲ್ಲಿ ಹತ್ತು ವರ್ಷದಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದವರು ಟಮಾಕ್ಸಿಫೆನ್ ಗುಂಪಿನಲ್ಲಿ ನೂರಕ್ಕೆ 1.2, ಇನ್ನೊಂದು ಗುಂಪಿನಲ್ಲಿ 0.4. ಮೂಳೆ ಮುರಿತ ಐದು ವರ್ಷದಲ್ಲಿ ಟಮಾಕ್ಸಿಫೆನ್‌ನಲ್ಲಿ 5.5, ಇನ್ನೊಂದರಲ್ಲಿ 8.2. ಒಂದು ಕಡೆ ಗರ್ಭಕೋಶ ಮತ್ತು ರಕ್ತನಾಳ, ಇನ್ನೊಂದು ಕಡೆ ಮೂಳೆ ಮತ್ತು ಕೀಲು. ನಿಮ್ಮ ಮೈಯಲ್ಲಿ ಯಾವುದು ಮೊದಲೇ ಸೋತಿದೆ ಎಂದು ನೋಡಿಕೊಳ್ಳಿ.

ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಶ್ವಾಸಕೋಶಕ್ಕೆ ಹೆಪ್ಪು ಹೋಗಿದ್ದರೆ, ಪಾರ್ಶ್ವವಾಯು ಆಗಿದ್ದರೆ ಟಮಾಕ್ಸಿಫೆನ್ ಶುರುಮಾಡುವ ಮುಂಚೆಯೇ ಹೇಳಬೇಕು. ಮಾತ್ರೆ ತಿನ್ನುವಾಗ ಒಂದೇ ಕಾಲು ಊದಿ ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅದೇ ದಿನ ಆಸ್ಪತ್ರೆ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು. ಆದರೆ ಮುಟ್ಟು ನಿಂತವರು ಏನೂ ತೊಂದರೆ ಇಲ್ಲದೆ ಸುಮ್ನೆ ಆರು ತಿಂಗಳಿಗೊಮ್ಮೆ ಗರ್ಭಕೋಶದ ಸ್ಕ್ಯಾನ್ ಮಾಡಿಸಿಕೊಳ್ಳುವುದರಿಂದ ಲಾಭಕ್ಕಿಂತ ಗಾಬರಿಯೇ ಹೆಚ್ಚು. ಟಮಾಕ್ಸಿಫೆನ್ ತಿನ್ನುವವರ ಒಳಪದರ ಸ್ಕ್ಯಾನ್‌ನಲ್ಲಿ ದಪ್ಪ ಕಾಣುವುದು ಸಾಮಾನ್ಯ, ಆಮೇಲೆ ಬೇಡದ ಬಯಾಪ್ಸಿ ಶುರುವಾಗುತ್ತದೆ. ಗರ್ಭಕೋಶ ಮೊದಲೇ ತೆಗೆಸಿಕೊಂಡವರಿಗೆ ಈ ಒಂದು ಚಿಂತೆ ಇಲ್ಲವೇ ಇಲ್ಲ.

ಲೆಟ್ರೊಜೋಲ್ ಗುಂಪಿನವರಿಗೆ ಶುರುವಿನಲ್ಲೇ ಡೆಕ್ಸಾ ಸ್ಕ್ಯಾನ್ ಬೇಕು. ಮೂಳೆ ಎಷ್ಟು ಗಟ್ಟಿ ಇದೆ ಎಂದು ಅದು ಹೇಳುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುತ್ತಾರೆ. ಸವೆತ ಇದ್ದರೆ ಅದನ್ನು ತಡೆಯಲು ಆರು ತಿಂಗಳಿಗೊಮ್ಮೆ ಜೊಲೆಡ್ರೋನಿಕ್ ಆಸಿಡ್ ಎಂಬ ಔಷಧದ ಡ್ರಿಪ್ ಹಾಕುವುದೂ ಉಂಟು. ಅದಕ್ಕೆ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳಬೇಕಾದ ಹಲ್ಲಿದ್ದರೆ ಕೀಳಿಸಿಕೊಂಡುಬಿಡಿ.

ಕೀಲು ನೋವಿನ ಬಗ್ಗೆ ಬೇಕಾದಷ್ಟು ಹೇಳಬಹುದು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗದು, ಮಂಡಿ ಹಿಡಿದುಕೊಳ್ಳುತ್ತದೆ. ವಯಸ್ಸಾಯಿತು ಬಿಡು ಎಂದು ಮನೆಯವರು ಹೇಳುತ್ತಾರೆ. ವಯಸ್ಸಲ್ಲ, ಮಾತ್ರೆ. ವಿಚಿತ್ರವೆಂದರೆ ಇದಕ್ಕೆ ಚೆನ್ನಾಗಿ ಕೆಲಸ ಮಾಡುವ ಮದ್ದುಗಳಲ್ಲಿ ಒಂದು ನಡಿಗೆ. ನಿಯಮಿತ ವ್ಯಾಯಾಮದಿಂದ ಈ ನೋವು ಇಳಿಯುವುದು ಪ್ರಯೋಗಗಳಲ್ಲೇ ಕಂಡಿದೆ. ಲೆಟ್ರೊಜೋಲ್ ಬಿಟ್ಟು ಅನಾಸ್ಟ್ರೊಜೋಲ್‌ಗೋ ಎಕ್ಸಿಮೆಸ್ಟೇನ್‌ಗೋ ಬದಲಿಸಿದಾಗ ಕೆಲವರಿಗೆ ಆರಾಮಾಗುತ್ತದೆ. ಹಾಗೂ ಆಗದಿದ್ದರೆ ಟಮಾಕ್ಸಿಫೆನ್ ಇದ್ದೇ ಇದೆ. ಎರಡು ಮೂರು ವರ್ಷ ಒಂದು, ಉಳಿದದ್ದು ಇನ್ನೊಂದು ಎಂದು ಹಂಚಿಕೊಳ್ಳುವುದೂ ಒಪ್ಪಿತ ಪದ್ಧತಿಯೇ.

ಮೈ ಬಿಸಿಯೇರಿ ಬೆವರುವುದು ಎರಡರಲ್ಲೂ ಇದೆ. ಯೋನಿ ಒಣಗುವುದು ಲೆಟ್ರೊಜೋಲ್ ಗುಂಪಿನಲ್ಲಿ ಜಾಸ್ತಿ. ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಡಾಕ್ಟರೂ ಕೇಳುವುದಿಲ್ಲ. ಕೇಳಿ. ಹಾರ್ಮೋನ್ ಇಲ್ಲದ ಜೆಲ್‌ಗಳಿವೆ.

ಚಿಕ್ಕ ವಯಸ್ಸಿನವರಿಗೆ

ಭಾರತದಲ್ಲಿ ಸ್ತನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಮುಟ್ಟು ನಿಲ್ಲದವರ ಆಯ್ಕೆ ನಮ್ಮಲ್ಲಿ ಬಹಳ ಮನೆಗಳ ಪ್ರಶ್ನೆ. ಇವರಿಗೆ ಆಯ್ಕೆ ಮೂರು: ಬರೀ ಟಮಾಕ್ಸಿಫೆನ್, ಅಂಡಾಶಯ ನಿಲ್ಲಿಸಿ ಟಮಾಕ್ಸಿಫೆನ್, ಅಂಡಾಶಯ ನಿಲ್ಲಿಸಿ ಎಕ್ಸಿಮೆಸ್ಟೇನ್‌ನಂಥ ಮಾತ್ರೆ.

ಅಂಡಾಶಯ ನಿಲ್ಲಿಸುವ ಯೋಚನೆ ಹೊಸದಲ್ಲ. ಗ್ಲಾಸ್ಗೋದ ಸರ್ಜನ್ ಜಾರ್ಜ್ ಬೀಟ್ಸನ್ 1896ರಲ್ಲೇ ಅಂಡಾಶಯ ತೆಗೆದು ಸ್ತನದ ಗಡ್ಡೆ ಕರಗಿದ್ದನ್ನು ಬರೆದಿದ್ದರು. ಆಗ ಈಸ್ಟ್ರೋಜನ್ ಎಂಬ ಹೆಸರೇ ಇರಲಿಲ್ಲ. ಈಗ ಆಪರೇಷನ್ ಬೇಡವೆಂದರೆ ಗೊಸೆರೆಲಿನ್, ಲ್ಯೂಪ್ರೊಲೈಡ್ ಇಂಜೆಕ್ಷನ್‌ಗಳಿವೆ. ತಿಂಗಳಿಗೊಂದು ಸೂಜಿ, ಇದು ವರ್ಷಗಟ್ಟಲೆ ನಡೆಯಬೇಕು. ಮಾತ್ರೆಗಿಂತ ಈ ಸೂಜಿಯ ಖರ್ಚೇ ಜಾಸ್ತಿ. ಮಕ್ಕಳು ಸಾಕು ಎಂದವರು ಅಂಡಾಶಯ ತೆಗೆಸಿಕೊಳ್ಳುವುದುಂಟು. ಒಂದೇ ಸಲ ಮುಗಿಯುತ್ತದೆ, ಆದರೆ ವಾಪಸ್ ಬರುವ ದಾರಿ ಇಲ್ಲ.

ಯಾರಿಗೆ ಇಷ್ಟೆಲ್ಲ ಬೇಕು? 35ಕ್ಕಿಂತ ಚಿಕ್ಕವರಿಗೆ ಲಾಭ ಎದ್ದು ಕಾಣುತ್ತದೆ. 2014ರಲ್ಲಿ ಪ್ರಕಟವಾದ ಸಾಫ್ಟ್ ಎಂಬ ಪ್ರಯೋಗದಲ್ಲಿ ಈ ವಯಸ್ಸಿನವರ ಪೈಕಿ ಐದು ವರ್ಷ ಸ್ತನ ಕ್ಯಾನ್ಸರ್ ಮರುಕಳಿಸದೆ ಇದ್ದವರು ಬರೀ ಟಮಾಕ್ಸಿಫೆನ್‌ನಲ್ಲಿ ನೂರಕ್ಕೆ 67.7. ಅಂಡಾಶಯ ನಿಲ್ಲಿಸಿ ಟಮಾಕ್ಸಿಫೆನ್ ಕೊಟ್ಟಾಗ 78.9. ಎಕ್ಸಿಮೆಸ್ಟೇನ್ ಜೊತೆ 83.4. ಕೀಮೋ ಬೇಕಾದಷ್ಟು ಅಪಾಯ ಇದ್ದವರಿಗೂ ಹೀಗೆ ಯೋಚಿಸುತ್ತಾರೆ. 46 ವರ್ಷ, ಚಿಕ್ಕ ಗಡ್ಡೆ, ಕಂಕುಳಿನ ಗಂಟುಗಳು ಸ್ವಚ್ಛ ಎಂಬಂಥವರಿಗೆ ಬರೀ ಟಮಾಕ್ಸಿಫೆನ್ ಸಾಕಾಗುವುದೇ ಹೆಚ್ಚು. ಅವರನ್ನು ಒಂದೇ ಏಟಿಗೆ ಮೆನೋಪಾಸ್‌ಗೆ ತಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಇನ್ನೊಂದು. ಟಮಾಕ್ಸಿಫೆನ್ ಗರ್ಭನಿರೋಧಕ ಅಲ್ಲ. ಇದರ ಹಿಂದೆ ತಮಾಷೆಯ ಕಥೆಯಿದೆ. 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದ್ದೇ ಗರ್ಭನಿರೋಧಕದ ಹುಡುಕಾಟದಲ್ಲಿ. ಇಲಿಗಳಲ್ಲಿ ಕೆಲಸ ಮಾಡಿತು. ಹೆಂಗಸರಲ್ಲಿ ಉಲ್ಟಾ ಆಗಿ ಅಂಡೋತ್ಪತ್ತಿಯೇ ಹೆಚ್ಚಿತು. ಬಿಸಾಡಬೇಕಿದ್ದ ಮಾತ್ರೆ 1971ರಲ್ಲಿ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಪ್ರಯೋಗದಿಂದ ಕ್ಯಾನ್ಸರ್ ಮಾತ್ರೆಯಾಯಿತು. ಆದ್ದರಿಂದ ಇದನ್ನು ತಿನ್ನುವಾಗ ಮುಟ್ಟು ಏರುಪೇರಾದರೂ ಗರ್ಭ ನಿಲ್ಲಬಹುದು, ಮಗುವಿಗೆ ಅಪಾಯ. ಕಾಪರ್ ಟಿ ಅಥವಾ ಕಾಂಡೋಮ್ ಬೇಕು, ಹಾರ್ಮೋನ್ ಮಾತ್ರೆ ಬೇಡ. ಮಗು ಬೇಕೆಂದೇ ಇದ್ದರೆ ಅದಕ್ಕೂ ದಾರಿ ಇದೆ: 18ರಿಂದ 30 ತಿಂಗಳು ಮಾತ್ರೆ ತಿಂದವರು ಎರಡು ವರ್ಷದವರೆಗೆ ಬಿಡುವು ಕೊಟ್ಟು ಮಗು ಹೆತ್ತ ಅಧ್ಯಯನ 2023ರಲ್ಲಿ ಬಂತು. ಆ ಅಲ್ಪಾವಧಿಯಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಾಗಲಿಲ್ಲ. ಆಮೇಲಿನ ವರ್ಷಗಳ ಲೆಕ್ಕ ಆಗಿನ್ನೂ ಬಂದಿರಲಿಲ್ಲ.

ಸ್ತನ ಕ್ಯಾನ್ಸರ್ ಗಂಡಸರಿಗೂ ಬರುತ್ತದೆ. ಅವರಿಗೆ ಮೊದಲ ಆಯ್ಕೆ ಟಮಾಕ್ಸಿಫೆನ್.

ಮಾತ್ರೆ ಮಾತ್ರೆಗೆ ಜಗಳ

ಟಮಾಕ್ಸಿಫೆನ್ ಯಕೃತ್ತಿನಲ್ಲಿ ಎಂಡಾಕ್ಸಿಫೆನ್ ಆದಾಗಲೇ ಅದಕ್ಕೆ ಪೂರ್ತಿ ಬಲ ಬರುವುದು. ಖಿನ್ನತೆಗೆ ಕೊಡುವ ಪ್ಯಾರೊಕ್ಸೆಟಿನ್, ಫ್ಲೂಯಾಕ್ಸೆಟಿನ್ ಈ ಬದಲಾವಣೆಗೆ ಅಡ್ಡಬರುತ್ತವೆ. ಮನೋವೈದ್ಯರ ಚೀಟಿ ಬೇರೆ ಫೈಲಿನಲ್ಲಿ ಇದ್ದರೆ ಕ್ಯಾನ್ಸರ್ ಡಾಕ್ಟರಿಗೆ ಗೊತ್ತೇ ಆಗುವುದಿಲ್ಲ. ಎರಡೂ ಚೀಟಿ ಒಟ್ಟಿಗೆ ಒಯ್ಯಿರಿ. ತಾವಾಗಿ ಯಾವುದನ್ನೂ ನಿಲ್ಲಿಸಬೇಡಿ, ಬದಲಿ ಮಾತ್ರೆಗಳಿವೆ. ರಕ್ತ ತೆಳು ಮಾಡುವ ವಾರ್ಫರಿನ್ ತಿನ್ನುವವರೂ ಮೊದಲೇ ಹೇಳಬೇಕು.

ಮಾತ್ರೆ ಸೋತಾಗ

ಇದು ಬೇರೆ ಅಂಗಗಳಿಗೆ ಹರಡಿದ ಕಾಯಿಲೆಯ ಮಾತು. ವರ್ಷಗಟ್ಟಲೆ ಈಸ್ಟ್ರೋಜನ್ ಸಿಗದ ಕ್ಯಾನ್ಸರ್ ಕೋಶಗಳಲ್ಲಿ ಕೆಲವು ರಿಸೆಪ್ಟರಿನ ಜೀನನ್ನೇ ತಿದ್ದಿಕೊಳ್ಳುತ್ತವೆ. ಇಎಸ್‌ಆರ್1 ಮ್ಯುಟೇಷನ್ ಎನ್ನುತ್ತಾರೆ. ಆಮೇಲೆ ಹಾರ್ಮೋನು ಇಲ್ಲದೆಯೂ ರಿಸೆಪ್ಟರ್ ಚಾಲೂ. ಇಲ್ಲಿ ನನ್ನ ಗದ್ದೆಯ ಹೋಲಿಕೆ ಕೈಕೊಡುತ್ತದೆ, ನೀರಿಲ್ಲದೆ ಹರಿಯುವ ಮಡೆ ಎಲ್ಲಾದರೂ ಉಂಟೇ? ಆಗ ಅರೋಮಟೇಸ್ ತಡೆದು ಪ್ರಯೋಜನ ಕಡಿಮೆ. ರಿಸೆಪ್ಟರನ್ನೇ ನಾಶ ಮಾಡುವ ಫುಲ್‌ವೆಸ್ಟ್ರಾಂಟ್ ಇದೆ. ತಿಂಗಳಿಗೊಮ್ಮೆ ಎರಡೂ ಪೃಷ್ಠಕ್ಕೆ ಒಂದೊಂದು ಇಂಜೆಕ್ಷನ್. ಇದೇ ಕೆಲಸವನ್ನು ಬಾಯಿಂದ ತಿಂದು ಮಾಡುವ ಎಲಸೆಸ್ಟ್ರಾಂಟ್‌ಗೆ ಅಮೆರಿಕದಲ್ಲಿ 2023ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಮ್ಯುಟೇಷನ್ ಇದೆಯೋ ಇಲ್ಲವೋ ರಕ್ತ ಪರೀಕ್ಷೆಯಲ್ಲೇ ನೋಡಬಹುದು.

ನ್ಯೂಕ್ಲಿಯರ್ ರಿಸೆಪ್ಟರ್ ಅಂದರೆ ಯಾವಾಗಲೂ ಮುಚ್ಚುವುದೇ ಚಿಕಿತ್ಸೆ ಎಂದುಕೊಳ್ಳಬೇಡಿ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಆಂಡ್ರೋಜನ್ ರಿಸೆಪ್ಟರನ್ನು ಎನ್ಜಾಲುಟಮೈಡ್ ಮುಚ್ಚುತ್ತದೆ, ಅದು ಇದೇ ದಾರಿ. ಆದರೆ ಎಪಿಎಲ್ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ರೆಟಿನೋಯಿಕ್ ಆಸಿಡ್ ರಿಸೆಪ್ಟರ್ ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡು ಕೆಡುತ್ತದೆ, ರಕ್ತಕೋಶಗಳು ಬಲಿಯುವುದೇ ನಿಂತುಬಿಡುತ್ತದೆ. ಅಲ್ಲಿ ವಿಟಮಿನ್ ಎ ಕುಟುಂಬದ ಎಟಿಆರ್‌ಎ ಕೊಟ್ಟು ರಿಸೆಪ್ಟರನ್ನು ಮತ್ತೆ ಚಾಲೂ ಮಾಡುತ್ತಾರೆ. ಶಾಂಘೈನ ವಾಂಗ್ ಝೆನ್‌ಯಿ ಈ ದಾರಿ ತೋರಿಸಿದವರು. ಹಿಂದೆ ದಿನಗಳಲ್ಲೇ ಜೀವ ತೆಗೆಯುತ್ತಿದ್ದ ಆ ಕಾಯಿಲೆ ಈಗ ಹೆಚ್ಚಿನವರಲ್ಲಿ ಗುಣವಾಗುತ್ತದೆ.

ಡಬ್ಬಿಯಲ್ಲಿ ಉಳಿದ ಮಾತ್ರೆ

ಎರಡನೇ ವರ್ಷ ದೊಡ್ಡಮ್ಮ ಮೂರು ತಿಂಗಳು ಮಾತ್ರೆ ಬಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ. ಕುಂಕುಮದ ಡಬ್ಬಿಯ ಹಿಂದೆ ಒಡೆಯದ ಸ್ಟ್ರಿಪ್‌ಗಳು ಸಿಕ್ಕಾಗ "ಬೆರಳು ಹಿಡ್ಕೊಂಡು ರೊಟ್ಟಿ ತಟ್ಟಕ್ಕೆ ಆಗಲ್ಲ ಪುಟ್ಟಿ, ಯಾರಿಗೆ ಹೇಳಲಿ" ಎಂದರು. ಅವರೊಬ್ಬರೇ ಅಲ್ಲ. ಕ್ಯಾಲಿಫೋರ್ನಿಯಾದ 8,769 ಹೆಂಗಸರ ಔಷಧ ದಾಖಲೆ ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾರ್ಮೋನ್ ಮಾತ್ರೆಯನ್ನು ಪೂರ್ತಿ ಅವಧಿ ಸರಿಯಾಗಿ ತಿಂದವರು ಅರ್ಧದಷ್ಟೇ. ಡಾಕ್ಟರಿಗೆ ಹೇಳಿದ ಮೇಲೆ ದೊಡ್ಡಮ್ಮನಿಗೆ ಎಕ್ಸಿಮೆಸ್ಟೇನ್‌ಗೆ ಬದಲಿಸಿದರು, ಸಂಜೆ ಅರ್ಧ ಗಂಟೆ ಕೆರೆ ಏರಿಯ ಮೇಲೆ ನಡೆಯಲು ಹೇಳಿದರು. ನೋವು ಪೂರ್ತಿ ಹೋಗಲಿಲ್ಲ. ರೊಟ್ಟಿ ತಟ್ಟುವಷ್ಟಾಯಿತು.

ಒಂದು ದಿನ ಮರೆತರೆ ಗಾಬರಿ ಬೇಡ, ಇವು ಮೈಯಲ್ಲಿ ದಿನಗಟ್ಟಲೆ ಉಳಿಯುವ ಔಷಧಗಳು. ಮರುದಿನ ಎರಡು ನುಂಗಬೇಡಿ, ಎಂದಿನಂತೆ ಒಂದೇ ತಿನ್ನಿ.